ಮಳೆಗೆ ನಿಲ್ಲದಿರುವುದನ್ನು ತಡೆ

ಫೆಬ್ರವರಿ 4, ಬುಧವಾರ

ಬೆಳಿಗ್ಗೆಯಿಂದ ಲೋಹಿತ್ ಬರೆದ ಕೋಡ್ ಓದುತ್ತಾ ಕೂತಿದ್ದೇನೆ. ಕುಶಾಲನಗರದ ಈ ಪುಟ್ಟ ಆಫೀಸಿನಲ್ಲಿ ಕೋಡ್ ಬರೆಯುವವರು ನಾವಿಬ್ಬರೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ‘ಸರಿ’ ಅನ್ನುವವರೆಗೆ ಅದು ಹೊರಗೆ ಹೋಗಬಾರದು ಅಂತ ನಮ್ಮ ಮಾಲೀಕ ಕೀರ್ತಿಕುಮಾರ್ ನಿಯಮ ಮಾಡಿದ್ದಾರೆ. ಹೀಗಾಗಿ ಲೋಹಿತ್ ಮಾಡಿದ ಪಾಪದಲ್ಲಿ ಅರ್ಧ ಪಾಲು ಯಾವಾಗಲೂ ನನಗೆ.

ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪನ್ನು ತಾನಾಗಿ ಓಡಿಸಿ ತಾನಾಗಿ ನಿಲ್ಲಿಸುವ ಪೆಟ್ಟಿಗೆ ನಮ್ಮದು. ಜೊತೆಗೆ ಮೊಬೈಲಿಗೆ ಒಂದು ಆ್ಯಪ್. ಮಳೆ ಬಂದರೆ ಪಂಪ್ ನಿಲ್ಲಬೇಕು. ಕೆಲವರಿಗೆ ಮಳೆ ಬಂದರೂ ನಿಲ್ಲಬಾರದು. ಅವರಿಗಾಗಿ ಲೋಹಿತ್ ಹೋದ ವರ್ಷ ‘ನೋ ಸ್ಟಾಪ್’ ಅಂತ ಒಂದು ಫ್ಲ್ಯಾಗ್ ಇಟ್ಟಿದ್ದ. ಫ್ಲ್ಯಾಗ್ ಅಂದರೆ ಏನು ಮಹಾ, ಕೋಡಿನೊಳಗಿನ ಒಂದು ಸ್ವಿಚ್ಚು. ಈಗ ಅದನ್ನು ರದ್ದು ಮಾಡಲು ಅದರ ತಲೆಯ ಮೇಲೆ ಇನ್ನೊಂದು ಕೂರಿಸಿದ್ದಾನೆ, ‘ಡಿಸೇಬಲ್ ನೋ ಸ್ಟಾಪ್’. ಇದು ಆನ್ ಇದ್ದರೆ ನಿಲ್ಲದಿರುವುದು ರದ್ದು, ಅಂದರೆ ನಿಲ್ಲುತ್ತದೆ. ಆಫ್ ಇದ್ದರೆ ನಿಲ್ಲದಿರುವುದು ರದ್ದಾಗುವುದಿಲ್ಲ, ಅಂದರೆ... ಕಾಫಿ ತಂದುಕೊಂಡು ಮತ್ತೆ ಓದಿದೆ.

‘ಈ ಹೆಸರು ತಿರುಚಿಕೊಂಡಿದೆ. ನೇರವಾಗಿ ಮಳೆಗೆ ನಿಲ್ಲಿಸು ಅಂತ ಇಡಬಹುದಾ?’ ಎಂದು ಕೆಳಗೆ ಟಿಪ್ಪಣಿ ಬರೆದೆ. ಆಮೇಲೆ ಅಳಿಸಿದೆ. ಹೇಳಬಾರದು ಅಂತೇನಲ್ಲ. ಲಾಜಿಕ್ ತಪ್ಪು ಅನ್ನುವ ಹಾಗೂ ಇಲ್ಲ. ಅವನು ನನಗಿಂತ ಸೀನಿಯರ್, ಹೆಸರಿಗೆಲ್ಲ ತಕರಾರು ತೆಗೆದರೆ ಚೆನ್ನಾಗಿರುವುದಿಲ್ಲವೇನೋ. ಹಾಗಂತ ಸುಮ್ಮನಿದ್ದದ್ದು ಸರಿಯಲ್ಲ ಅಂತಲೂ ಅಲ್ಲ.

ಫೆಬ್ರವರಿ 5

‘ಸರಿ’ ಒತ್ತಿದೆ. ಲೋಹಿತ್ ಬನ್ ತಂದುಕೊಟ್ಟ. ಬನ್ ಬೇಡ ಅಂತಿರಲಿಲ್ಲ, ತಿಂದೆ.

ಫೆಬ್ರವರಿ 12, ಗುರುವಾರ

ಆ್ಯಪಿಗೆ ಕನ್ನಡ ಹಾಕುವುದು ನನ್ನ ಕೆಲಸ. ‘ಸಂಪರ್ಕ’, ‘ವೇಳಾಪಟ್ಟಿ’, ‘ಪಂಪ್ ಸ್ಥಿತಿ’, ಎಲ್ಲ ಸರಾಗವಾಗಿ ಬಂತು. ‘ಡಿಸೇಬಲ್ ನೋ ಸ್ಟಾಪ್’ ಬಂದಾಗ ಗಾಡಿ ಹೂತುಕೊಂಡಿತು. ‘ನಿಲ್ಲದಿರುವಿಕೆಯನ್ನು ನಿಷ್ಕ್ರಿಯಗೊಳಿಸಿ’ ಎಂದು ಬರೆದೆ. ಓದಿದ ರೈತ ಮೊಬೈಲನ್ನು ಕೆರೆಗೆ ಎಸೆದಾನು. ಕೊನೆಗೆ ‘ಮಳೆಗೆ ನಿಲ್ಲದಿರುವುದನ್ನು ತಡೆ’ ಎಂದಾಯಿತು.

“ಇದು ಯಾರಿಗಾದ್ರೂ ಅರ್ಥ ಆಗುತ್ತಾ?” ಎಂದು ಲೋಹಿತನಿಗೆ ತೋರಿಸಿದೆ.

“ಕನ್ನಡ ನಿಂದಲ್ವ, ನಂಗೇನ್ ಕೇಳ್ತೀಯ? ಹೇಗೂ ಡಿಫಾಲ್ಟ್ ಆನ್ ಇರುತ್ತೆ. ಯಾರೂ ಮುಟ್ಟಲ್ಲ,” ಎಂದ.

ಹೆಸರೇ ಡೊಂಕು ಮಾರಾಯ, ಕನ್ನಡ ಏನು ಮಾಡುತ್ತದೆ ಅನ್ನಬೇಕು ಅಂದುಕೊಂಡೆ. ಅನ್ನದೇ ಇರಬೇಕು ಅಂತ ಇರಲಿಲ್ಲ. ಊಟದ ಹೊತ್ತಾಗಿತ್ತು.

ಸೆಕೆ ತಡೆಯೋಕಾಗುತ್ತಿಲ್ಲ. ಕೂತಲ್ಲಿ ಕೂರಲಾರೆ. ಪಿ.ಜಿ.ಯ ತಾರಸಿ ಹತ್ತಿ ಇಳಿದು ಹತ್ತಿ ಇಳಿದು, ಮನೆ ಓನರ್ ಏನಾದರೂ ಕಳೆದುಕೊಂಡೆಯಾ ಎಂದು ಕೇಳಿದರು.

ಫೆಬ್ರವರಿ 21, ಶನಿವಾರ. ಕೊಡ್ಲಿಪೇಟೆ

ಸುಲೋಚನಮ್ಮ ಚಿಕ್ಕಮ್ಮನ ತೋಟಕ್ಕೆ ಪೆಟ್ಟಿಗೆ ಕೂರಿಸಿ ಬಂದೆವು. ಅಮ್ಮನ ತಂಗಿ. ಚಿಕ್ಕಪ್ಪ ಹೋದ ಮೇಲೆ ಕೆಳತೋಟ, ಮೇಲ್ತೋಟ ಎರಡನ್ನೂ ಒಬ್ಬಳೇ ನೋಡಿಕೊಳ್ಳುತ್ತಾಳೆ. ರೋಬಸ್ಟಾ ಮೊಗ್ಗು ಕಟ್ಟಿ ಕೂತಿದೆ. ಈಗ ಸ್ಪ್ರಿಂಕ್ಲರಿನಲ್ಲಿ ಹೂ ನೀರು ಕೊಡಬೇಕು. ಸರಿಯಾಗಿ ಕೊಟ್ಟರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಕೆಟ್ಟರೆ ವರ್ಷದ ಫಸಲು ಅಲ್ಲಿಗೇ ಮುಗಿಯಿತು. ತ್ರೀ ಫೇಸ್ ಕರೆಂಟು ಬರುವುದು ರಾತ್ರಿ. ಹೀಗಾಗಿ ಇಷ್ಟು ವರ್ಷ ಚಿಕ್ಕಮ್ಮ ಫೆಬ್ರವರಿ, ಮಾರ್ಚಿನಲ್ಲಿ ಯಾರ ಮದುವೆಗೂ ಹೋದವಳಲ್ಲ.

“ಇನ್ನು ಹೋಗಬಹುದು ಚಿಕ್ಕಮ್ಮ, ಪಂಪನ್ನ ಇದು ಕಾಯುತ್ತೆ,” ಎಂದೆ. ಮುಖ ಅರಳಿತು. ಮುಂದಿನ ವಾರ ಅರಕಲಗೂಡಿನಲ್ಲಿ ಮದುವೆಯಿದೆಯಂತೆ, ಆಗಲೇ ಸೀರೆ ಯೋಚಿಸುತ್ತಿದ್ದಳು.

ಮಹದೇವಪ್ಪ ದೊಡ್ಡಪ್ಪನೂ ಬಂದಿದ್ದರು. ಚಿಕ್ಕಪ್ಪನ ಅಣ್ಣ, ಪಕ್ಕದ ತೋಟದವರು. ಪ್ರತಿ ವರ್ಷದಂತೆ, “ಮೇಲ್ತೋಟ ನಂಗೆ ಗುತ್ತಿಗೆಗೆ ಬುಟ್ಬುಡು ಸುಲೋಚನ, ಎಣ್ಣೆಂಗ್ಸು ಎಷ್ಟು ಅಂತ ಒದ್ದಾಡ್ತೀಯ,” ಅಂದರು. ಪ್ರತಿ ವರ್ಷದಂತೆ ಚಿಕ್ಕಮ್ಮ, “ಬ್ಯಾಡ ಅಂತಲ್ಲ ಭಾವ, ನೋಡನ,” ಅಂದಳು. ನಮ್ಮಲ್ಲಿ ಹಿರಿಯರ ಮುಖಕ್ಕೆ ಇಲ್ಲ ಅನ್ನುವ ಪದ್ಧತಿಯಿಲ್ಲ. ಕೊಡುವ ಮನಸ್ಸು ಅವಳಿಗೆ ಕಾಸಿನಷ್ಟೂ ಇಲ್ಲ. ಗುತ್ತಿಗೆಗೆ ಕೊಟ್ಟ ತೋಟ ವಾಪಸು ಬಂದದ್ದನ್ನು ಅವಳು ಕಂಡಿಲ್ಲ. ಆದರೆ ಅವರು ‘ನೋಡನ’ವನ್ನು ಮುಂದಿನ ವರ್ಷದ ಹೌದು ಎಂದು ತಿಳಿದು ಹೋಗುತ್ತಾರೆ. ಮತ್ತೆ ಬರುತ್ತಾರೆ.

ಫೆಬ್ರವರಿ 28, ಶನಿವಾರ

ಗೆಳತಿಯ ನಿಶ್ಚಿತಾರ್ಥಕ್ಕೆಂದು ಮೈಸೂರಿಗೆ ಹೊರಟಿದ್ದೆ. ಬಸ್ಸು ತುಂಬಿ, ನಿಂತೇ ಇದ್ದೆ. ಬೈಲಕುಪ್ಪೆ ದಾಟುವಾಗ ಚಿಕ್ಕಮ್ಮನ ಫೋನ್.

“ಕುಸುಮಾ, ಇಲ್ಲಿ ಮಳೆ ಉಯ್ತು ಕಣೆ. ಅಳ್ದೆ, ಅನ್ನೆರಡು ಸೆಂಟು. ನೆಲವೂ ನೆನೀಲಿಲ್ಲ.”

ನೂರು ಸೆಂಟಿಗೆ ಒಂದು ಇಂಚು. ಹೂವಿಗೆ ಒಂದು ಇಂಚಾದರೂ ಬೇಕು. ಕೆಳತೋಟಕ್ಕೆ ನೀರು ಕೊಟ್ಟು ಮುಗಿದಿತ್ತು, ಮೇಲ್ತೋಟಕ್ಕೆ ಇವತ್ತಿನಿಂದ ಓಡಬೇಕು.

“ಈ ತುಂತುರಿಗೆ ಇದು ನಿಂತ್ಬುಟ್ಟದ? ನಂಗೆ ನಿಲ್ಬಾರ್ದು. ಆ ತಡೆ ಅಂತ ಐತಲ್ಲ, ಅದು ಆನ್ ಇರ್ಬೇಕೋ ಆಫ್ ಇರ್ಬೇಕೋ? ನಾನು ಮದ್ವೆಗೆ ಒಂಟಿದೀನಿ, ಬೇಗ ಯೋಳು.”

ನಾನೇ ‘ಸರಿ’ ಒತ್ತಿದ ಸ್ವಿಚ್ಚು, ನಾನೇ ಬರೆದ ಕನ್ನಡ. ಆದರೂ ಮನಸ್ಸಿನಲ್ಲಿ ಬಿಡಿಸಬೇಕಾಯಿತು. ಕಂಡಕ್ಟರ್ ಮುಂದೆ ಹೋಗಿ ಮುಂದೆ ಹೋಗಿ ಎಂದು ಬೆನ್ನಿಗೆ ಬಿದ್ದಿದ್ದ. ನಿಲ್ಲಬಾರದು, ಅಂದರೆ ನೋ ಸ್ಟಾಪ್ ಬೇಕು, ಬೇಕು ಅಂದರೆ ಆನ್.

“ಆನ್ ಇರ್ಬೇಕು.”

“ಈಗ್ಲೂ ಆನಲ್ಲೇ ಐತಲ್ಲ.”

“ಹಾಗಾದ್ರೆ ಮುಟ್ಟಬೇಡ. ಆರಾಮಾಗಿ ಮದುವೆಗೆ ಹೋಗಿ ಬಾ.”

ನಿಶ್ಚಿತಾರ್ಥದಲ್ಲಿ ಊಟ ಚೆನ್ನಾಗಿರಲಿಲ್ಲ ಅನ್ನುವಂತಿಲ್ಲ. ಏಕೋ ಸೇರಲಿಲ್ಲ.

ಮಾರ್ಚ್ 3

ಮದುವೆ ಮುಗಿಸಿ ಬಂದ ಚಿಕ್ಕಮ್ಮನ ಫೋನ್. ಮೇಲ್ತೋಟದಲ್ಲಿ ಪಂಪ್ ಓಡಿಯೇ ಇಲ್ಲ.

ಮಾರ್ಚ್ 4, ಬುಧವಾರ. ಕೊಡ್ಲಿಪೇಟೆ

ರಜೆ ಹಾಕಿ ಮೊದಲ ಬಸ್ಸಿಗೆ ಬಂದೆ. ಸೋಮವಾರಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಎದುರಿಗೆ ಬಂದ ಕೊಡ್ಲಿಪೇಟೆ ಬಸ್ಸನ್ನೇ ಬಿಟ್ಟುಕೊಂಡು ಇನ್ನೊಂದಕ್ಕೆ ಕಾದೆ. ತಲೆ ನಿಂತಲ್ಲಿ ನಿಂತಿರಲಿಲ್ಲ.

ಸ್ವಿಚ್ಚು ಆನ್ ಇತ್ತು. ಆನ್ ಇದ್ದರೆ ಮಳೆಗೆ ಪಂಪ್ ನಿಲ್ಲುತ್ತದೆ. ಹನ್ನೆರಡು ಸೆಂಟು ತುಂತುರಿಗೆ ಪೆಟ್ಟಿಗೆ ಮೇಲ್ತೋಟದ ಸರದಿಯನ್ನೇ ರದ್ದು ಮಾಡಿ ಕೂತಿದೆ. ಪೈಪು ಬದಲಿಸಲು ಬಂದ ಆಳುಗಳು, ಮಳೆ ಬಂತಲ್ಲ, ಬೇಕಂತಲೇ ನಿಲ್ಲಿಸಿದ್ದಾರೆ ಅಂದುಕೊಂಡು ವಾಪಸು ಹೋಗಿದ್ದರಂತೆ. ಬರೆದ ಕೋಡನ್ನು ಅದು ಅಕ್ಷರವೂ ಬಿಡದೆ ಪಾಲಿಸಿದೆ. ಒಂದು ಹನಿಯೂ ಬೀಳದಿದ್ದರೆ ಮೊಗ್ಗು ಇನ್ನೂ ಮಲಗಿರುತ್ತಿತ್ತು, ಇವತ್ತು ನೀರು ಕೊಟ್ಟರೂ ನಡೆಯುತ್ತಿತ್ತು. ತುಂತುರು ಅದನ್ನು ಎಬ್ಬಿಸಿ ಬಿಟ್ಟು ಹೋಯಿತು. ಗಿಡದ ತುಂಬಾ ಮೊಗ್ಗು ಅರ್ಧ ಉಬ್ಬಿ ಕೆಂಪಗೆ ಸುಟ್ಟಂತೆ ನಿಂತಿದೆ. ಇನ್ನು ಅದು ಅರಳುವುದಿಲ್ಲ. ಒಂದು ರೆಂಬೆ ಮುಟ್ಟಿದೆ, ಮೊಗ್ಗು ಉದುರಿ ಅಂಗೈಗೆ ಬಂತು.

ದೊಡ್ಡಪ್ಪ ಬೇಲಿಯ ಆಚೆಯಿಂದಲೇ, “ಒಂದು ಬಟನ್ ತಿರುಗ್ಸಕ್ಕೆ ಬರ್ನಿಲ್ವ? ಮದ್ವೆ ಊಟ ಮಾತ್ರ ಬಂತು,” ಅಂದರು.

“ಊಂ ಭಾವ, ನಂಗೆ ಗೊತ್ತಾಗ್ನಿಲ್ಲ. ನಂದೇ ತಪ್ಪು,” ಎಂದಳು ಚಿಕ್ಕಮ್ಮ.

ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ಒಂದು ನೋಟ ಹಾಕಿದಳು. ಮುಚ್ಚಿಕೊಂಡೆ. ಆಮೇಲೆ ಅಡುಗೆಮನೆಯಲ್ಲಿ, “ನಿನ್ ಎಸ್ರು ಬಂದ್ರೆ ನಿನ್ ಕೆಲ್ಸಕ್ಕೆ ಕುತ್ತು. ನಂಗೇನು, ನಾಕ್ ದಿನ ಆಡ್ಕೊತಾರೆ,” ಎಂದಳು. ರೊಟ್ಟಿ ತಟ್ಟುತ್ತಲೇ ಇದ್ದಳು. ನಾನು ಅತ್ತೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

ನಾಲ್ಕು ದಿನದ ಮಾತಲ್ಲ ಇದು. ದೊಡ್ಡಪ್ಪ ಆಗಲೇ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ, ಅವಳ ಕೈಲಿ ತೋಟ ಆಗಲ್ಲ, ಇನ್ನು ನಾನೇ ನೋಡ್ಕೊಬೇಕು ಅಂತ. ಇದೊಂದು ತಪ್ಪಿಗೆ ಅವಳ ಅಷ್ಟು ವರ್ಷದ ದುಡಿಮೆ ಲೆಕ್ಕಕ್ಕಿಲ್ಲದ ಹಾಗಾಗುತ್ತಿದೆ.

ಮಾರ್ಚ್ 6

ಕೀರ್ತಿಕುಮಾರ್ ವರದಿ ತಯಾರಿಸಿದ್ದಾರೆ. ಒಂದೇ ಸಾಲು. ‘ಬಳಕೆದಾರರು ಸ್ವಿಚ್ಚನ್ನು ಸರಿಯಾದ ಸ್ಥಿತಿಯಲ್ಲಿ ಇಟ್ಟಿರಲಿಲ್ಲ.’ ಹದಿನೈದಕ್ಕೆ ಕೊಡ್ಲಿಪೇಟೆಯಲ್ಲಿ ಬೆಳೆಗಾರರ ಸಭೆ, ಅಲ್ಲಿ ಪೆಟ್ಟಿಗೆ ತೋರಿಸಿ ಬೇರೆ ತೋಟಗಳಿಗೆ ಕೊಡಬೇಕು. ಅಷ್ಟರೊಳಗೆ ಇದು ಮುಗಿದುಹೋಗಿರಬೇಕು.

“ನಿಮ್ಮ ಚಿಕ್ಕಮ್ಮನೇ ಒಪ್ಪಿಕೊಂಡಿದ್ದಾರಲ್ಲಮ್ಮ,” ಎಂದರು. ಕೆಟ್ಟವರಲ್ಲ. ಅವರ ಮುಖವೂ ಬಾಡಿತ್ತು, ಹೆದರಿದ್ದಾರೆ.

ನಾನು, “ಹಾಗೆ ಬರೆಯೋದು ಪೂರ್ತಿ ತಪ್ಪು ಅಂತಲ್ಲ ಸರ್, ಆದರೆ...” ಎಂದೆ. ಆ ‘ಆದರೆ’ಯ ಮುಂದೆ ಏನೂ ಹೇಳಲಿಲ್ಲ. ಅವರು ಕಾದರು, ಆಮೇಲೆ ತಲೆಯಾಡಿಸಿ ಹೋದರು. ಒಪ್ಪಿದಳು ಅಂದುಕೊಂಡರು. ಇನ್ನೇನು ಅಂದುಕೊಳ್ಳಬೇಕಿತ್ತು ಅವರು?

ಉಗುರೆಲ್ಲ ಕಡಿದು ಮುಗಿಯಿತು.

ಮಾರ್ಚ್ 8, ಭಾನುವಾರ. ಕೊಡ್ಲಿಪೇಟೆ

ಮತ್ತೆ ಬಂದೆ. ಪಿ.ಜಿ.ಯಲ್ಲಿ ಇರಲಾಗಲಿಲ್ಲ. ಕೆಳತೋಟ ಬೆಳ್ಳಗೆ ಅರಳಿದೆ. ಮಲ್ಲಿಗೆಗಿಂತ ಜೋರಾದ ಆ ಪರಿಮಳ ಮನೆಯ ಬಾಗಿಲವರೆಗೂ ಬರುತ್ತದೆ, ಜೇನು ಗುಂಯ್ ಅನ್ನುತ್ತದೆ. ರಸ್ತೆ ದಾಟಿದರೆ ಮೇಲ್ತೋಟ. ಅಲ್ಲಿ ಒಂದು ಹೂವಿಲ್ಲ, ಒಂದು ನೊಣವೂ ಇಲ್ಲ. ದಾರಿಯಲ್ಲಿ ಹೋಗುವವರೆಲ್ಲ ನಿಂತು ಎರಡೂ ಕಡೆ ನೋಡುತ್ತಾರೆ. ಚಿಕ್ಕಮ್ಮ ಹಗಲು ಹೊತ್ತು ರಸ್ತೆಯ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ.

ನನಗೆ ನಾಚಿಕೆಯಾಗುತ್ತಿದೆ.

ಮಾರ್ಚ್ 10, ಮಂಗಳವಾರ

ಸಭೆಗೆ ಹೊಸ ಆವೃತ್ತಿ ಸಿದ್ಧವಾಗಿದೆ. ಎಷ್ಟು ಮಳೆಗೆ ಪಂಪ್ ನಿಲ್ಲಬೇಕು ಅನ್ನುವ ಮಿತಿಯನ್ನು ಲೋಹಿತ್ ಐವತ್ತು ಸೆಂಟಿಗೆ ಏರಿಸಿದ್ದಾನೆ, ಒಳ್ಳೆಯದು ಮಾಡಿದ. ಹೆಸರು ಹಾಗೇ ಇದೆ. ‘ಸರಿ’ ಒತ್ತಲು ನನಗೆ ಬಂತು. ನಾನು ಬರೆದೆ: ‘ಈ ಹೆಸರನ್ನು ನಾನು ಒಪ್ಪುವುದಿಲ್ಲ. ಮಳೆಗೆ ನಿಲ್ಲಿಸು ಎಂದು ಬದಲಾಯಿಸು. ಆನ್ ಅಂದರೆ ನಿಲ್ಲುತ್ತದೆ. ಆಫ್ ಅಂದರೆ ಓಡುತ್ತದೆ.’ ಈ ಸಲ ಅಳಿಸಲಿಲ್ಲ.

ಲೋಹಿತ್ ಕುರ್ಚಿ ತಿರುಗಿಸಿದ. “ಆ ಹೆಸರು ಕೋಡ್ ತುಂಬಾ ಇದೆ. ಬದಲಾಯಿಸಿದ್ರೆ ಈಗ ತೋಟಗಳಲ್ಲಿ ಇರೋ ಪೆಟ್ಟಿಗೆಗಳಿಗೆ ಒಂದೊಂದಕ್ಕೂ ಹೋಗಿ ಹೊಸದು ಹಾಕ್ಬೇಕು. ಒಂದು ಹೆಸರಿಗೋಸ್ಕರ? ಲಾಜಿಕ್ ಸರಿ ಇದೆಯಲ್ಲ.”

“ಟೀ ಕುಡಿಯೋಣ ಬಾ,” ಎಂದೆ.

ಅಂಗಡಿಯಲ್ಲಿ ಟೀ ಬರುವ ಮುಂಚೆ ಕೇಳಿದೆ, “ಡಿಸೇಬಲ್ ನೋ ಸ್ಟಾಪ್ ಆಫ್ ಇದೆ. ಮಳೆ ಬಂತು. ಪಂಪ್ ಓಡುತ್ತಾ, ನಿಲ್ಲುತ್ತಾ?”

ಅವನು ನಕ್ಕ. ಆಮೇಲೆ ನಗು ನಿಂತಿತು. ಮೇಲೆ ನೋಡಿದ, ಕಣ್ಣು ಮುಚ್ಚಿದ. ಹುಡುಗರು ಮಗ್ಗಿ ನೆನಪಿಸಿಕೊಳ್ಳುವಾಗ ಹಾಗೆ ಮಾಡುತ್ತಾರೆ. “ಓಡುತ್ತೆ,” ಎಂದ. ಸರಿಯಾಗೇ ಹೇಳಿದ.

“ನೀನೇ ಬರೆದದ್ದು. ನಿನಗೂ ಕಣ್ಣು ಮುಚ್ಚಬೇಕಾಯಿತು.”

ಟೀ ಬಂತು. ಅವನು ಕುಡಿದ. ಲೋಟ ಇಟ್ಟು, “ಆವತ್ತು ಮೊದಲ ಸಲ ಓದಿದಾಗಲೇ ನಿನಗೆ ಗೊತ್ತಾಗಿತ್ತಾ?” ಎಂದ.

“ಗೊತ್ತಾಗಿತ್ತು.”

“ಮತ್ತೆ ಹೇಳ್ಬೇಕಲ್ವೇನೇ.” ಕೋಪದಿಂದಲೇ ಅಂದ. ಕೋಪ ಬರಬೇಕಾದ್ದೇ.

ಮಾರ್ಚ್ 12

ಹೆಸರು ಬದಲಾಯಿತು. ನಿನ್ನೆ, ಇವತ್ತು ಲೋಹಿತನ ಸ್ಕೂಟರಿನಲ್ಲಿ ತೋಟ ತೋಟ ಸುತ್ತಿ ಪೆಟ್ಟಿಗೆಗಳಿಗೆ ಹೊಸದು ಹಾಕಿದೆವು. ಅವನು ದಾರಿಯುದ್ದಕ್ಕೂ ಗೊಣಗಿದ. ಹುದಿಕೇರಿಯ ತೋಟದ ಲೆಕ್ಕ ನೋಡುವ ರೈಟರ್ ಒಬ್ಬರು ಆ್ಯಪಿನಲ್ಲಿ ‘ಮಳೆಗೆ ನಿಲ್ಲಿಸು’ ಓದಿ ಏನೂ ಕೇಳಲಿಲ್ಲ. ಫೋನ್ ಜೇಬಿಗಿಟ್ಟು ಮೆಣಸು ಕೊಯ್ಯುವವರ ಕಡೆ ಹೋದರು.

ವರದಿಯ ಸಾಲು ಮಾತ್ರ ಹಾಗೇ ಇದೆ. ತೆಗೆಯಿರಿ ಎಂದೆ. ಕೀರ್ತಿಕುಮಾರ್, “ಸಭೆ ಮುಗೀಲಿ ಕುಸುಮಾ,” ಎಂದರು. ಸಭೆಯಲ್ಲಿ ಅದೇ ಸಾಲನ್ನು ಓದುತ್ತೀರಾ ಎಂದು ಕೇಳಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿದರು. ನಾನೂ ಸಭೆಗೆ ಬರುತ್ತೇನೆ ಎಂದೆ.

ಮಾರ್ಚ್ 15, ಭಾನುವಾರ. ಕೊಡ್ಲಿಪೇಟೆ

ಕಲ್ಯಾಣ ಮಂಟಪ ತುಂಬಿತ್ತು. ಚಿಕ್ಕಮ್ಮ ಹಿಂದಿನ ಸಾಲಿನಲ್ಲಿ, ಹೆಂಗಸರು ಇನ್ಯಾರೂ ಇರಲಿಲ್ಲ. ಕೀರ್ತಿಕುಮಾರ್ ಪರದೆಯ ಮೇಲೆ ಎಲ್ಲ ತೋರಿಸಿದರು. ಯಾರೋ ಎದ್ದು, “ಸುಲೋಚನಮ್ಮೋರ ತೋಟದಲ್ಲಿ ಕೈ ಕೊಡ್ತಂತಲ್ಲ?” ಎಂದು ಕೇಳಿದರು. ಕೀರ್ತಿಕುಮಾರ್ ವರದಿಯ ಆ ಸಾಲನ್ನೇ ಓದಿದರು, ಬಳಕೆದಾರರು ಅಂತ ಮೆತ್ತಗೆ. ಮಹದೇವಪ್ಪ ದೊಡ್ಡಪ್ಪ ಎದ್ದು ನಿಂತು ಮೆತ್ತಗೆ ಅಲ್ಲ, ಗಟ್ಟಿಯಾಗಿ ಹೇಳಿದರು: “ಮಿಸನ್ನಿಂದೇನೂ ತಪ್ಪಿಲ್ಲ ಬುಡಿ. ಇವ್ಳಿಗೆ ಒತ್ತಕ್ಕೆ ಬರ್ನಿಲ್ಲ. ಮುಂದಿನ್ ಸಲಕ್ಕೆ ತೋಟ ನಾನೇ ನೋಡ್ಕೊತೀನಿ.”

ಕೆಲವರು ನಕ್ಕರು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡಳು.

ನಾನು ಎದ್ದೆ. “ಅವರು ನನಗೆ ಫೋನ್ ಮಾಡಿ ಕೇಳಿದರು. ಹನ್ನೆರಡು ಸೆಂಟು ಸಾಲದು, ಪಂಪ್ ನಿಲ್ಲಬಾರದು ಅಂತ ಅವರಿಗೆ ಗೊತ್ತಿತ್ತು. ನಾನು ಸ್ವಿಚ್ಚು ಮುಟ್ಟಬೇಡಿ ಅಂದೆ. ನಾನು ಹೇಳಿದ್ದು ತಪ್ಪು. ಆ ಸ್ವಿಚ್ಚಿನ ಹೆಸರು ನಮಗೇ ಅರ್ಥವಾಗದ ಹಾಗಿತ್ತು. ಅದಕ್ಕೆ ಒಪ್ಪಿಗೆ ಕೊಟ್ಟವಳೂ ನಾನೇ. ಈಗ ಹೆಸರು ಬದಲಾಗಿದೆ.”

ಕೂತೆ. ಲೋಹಿತ್ ಮೂಲೆಯಲ್ಲಿ ಎದ್ದು, “ಆ ಹೆಸರು ಇಟ್ಟವನು ನಾನು,” ಎಂದು ಹೇಳಿ ಕೂತ. ಕೀರ್ತಿಕುಮಾರ್ ಕರವಸ್ತ್ರ ತೆಗೆದರು. ಮುಂದಿನ ಸಾಲಿನ ಮುದುಕರೊಬ್ಬರು ಹೊಸ ಹೆಸರು ಏನು ತೋರಿಸಿ ಎಂದರು, ತೋರಿಸಿದರು. ಕೆಲವರು ಅಲ್ಲೇ ಎದ್ದು ಹೋದರು, ಕೆಲವರು ಉಳಿದರು.

ಚಿಕ್ಕಮ್ಮನಿಗೆ ಸಂತೋಷವಾಗಬಹುದು ಅಂದುಕೊಂಡಿದ್ದೆ. ಮನೆಯವರೆಗೂ ಬೈದಳು. “ತಪ್ಪ ನನ್ ತಲೆ ಮ್ಯಾಲೆ ಒತ್ಕೊಂಡಿದ್ನಲ್ಲ, ನಿನ್ನ ಯಾರು ಇಳ್ಸು ಅಂದೋರು? ನಾಳೆ ಅವ್ನು ಕೆಲ್ಸದಿಂದ ತೆಗುದ್ರೆ?”

“ತೆಗೆದರೆ ತೆಗೀಲಿ. ನಿನ್ನ ಹೆಸರು ಕೆಡೋದು ನನಗೆ ಬೇಡ.”

ಗೇಟು ತೆಗೆಯುತ್ತಾ ನಿಂತಳು. “ಮೇಲ್ತೋಟ ಓಯ್ತಲ್ಲೆ ಕುಸುಮಾ,” ಎಂದಳು. ಇಷ್ಟು ದಿನದಲ್ಲಿ ಮೊದಲ ಸಲ ಅಂದದ್ದು. “ಹೋಯ್ತು, ನನ್ನಿಂದ,” ಎಂದೆ. ಅವಳು ಅಲ್ಲ ಅನ್ನಲಿಲ್ಲ. ಒಳಗೆ ಹೋಗಿ ಕಾಫಿಗೆ ಇಟ್ಟಳು.

ಮಾರ್ಚ್ 17

ಕೆಲಸ ಹೋಗಿಲ್ಲ. ಕೀರ್ತಿಕುಮಾರ್ ಮಾತಾಡುತ್ತಿಲ್ಲ. ವರದಿಯ ಸಾಲು ತೆಗೆದಿದ್ದಾರೆ.

ಮಾರ್ಚ್ 22, ಭಾನುವಾರ. ಕೊಡ್ಲಿಪೇಟೆ

ಹೂ ಬಿಟ್ಟ ಕೆಳತೋಟಕ್ಕೆ ಎರಡನೇ ನೀರು, ಬ್ಯಾಕಿಂಗ್. ಇದು ತಪ್ಪಿದರೆ ಕಾಯಿ ನಿಲ್ಲುವುದಿಲ್ಲ. ಪಂಪನ್ನು ಪೆಟ್ಟಿಗೆ ಓಡಿಸಿದರೂ ಪೈಪು ಎತ್ತಿ ಮುಂದಿನ ಸಾಲಿಗೆ ಹಾಕಲು ಜನ ಬೇಕು. ಲೈನ್‌ಮನೆಯ ಆಳುಗಳು ಯಾರೂ ಬಂದಿರಲಿಲ್ಲ. ನಾನು ಬಂದೆ. ಇವತ್ತು ಹಗಲು ಕರೆಂಟು ಕೊಟ್ಟಿದ್ದರು.

ಚಿಕ್ಕಮ್ಮ ಪೆಟ್ಟಿಗೆಯನ್ನು ಬಂದ್ ಮಾಡಿ, ಪಂಪನ್ನು ಕೈಯಿಂದ ಹಾಕಿದ್ದಳು. “ಈ ವರ್ಷ ಇದು ಬ್ಯಾಡ ನಂಗೆ,” ಎಂದಳು. ಸರಿ ಎಂದೆ.

ಬಿಸಿಲು ನೆತ್ತಿಗೆ ಬಂದಾಗ ದೊಡ್ಡಪ್ಪ ಬಂದರು. ಪಂಚೆ ಎತ್ತಿ ಕಟ್ಟಿಕೊಂಡು, ಮಗುವಿಗೆ ಹೇಳುವಂತೆ ಹೇಳಿದರು: “ಆಗಿದ್ದಾಯ್ತು ಸುಲೋಚನ. ತಪ್ಪು ಯಾರ್ದಾರ ಆಗ್ಲಿ. ಮೇಲ್ತೋಟದಲ್ಲಿ ಎಂಗೂ ಈ ವರ್ಷ ಏನಿಲ್ಲ. ಚಿಗುರು ತೆಗ್ಸಿ, ಗೊಬ್ಬರ ಆಕಿ ನಾನು ನೋಡ್ಕೊತೀನಿ. ಬುಟ್ಬುಡು.”

ಚಿಕ್ಕಮ್ಮ ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟಳು.

“ಕೊಡಲ್ಲ ಭಾವ.”

ಅವರು ಕಾದರು. ‘ಬ್ಯಾಡ ಅಂತಲ್ಲ’ ಬರಬೇಕಿತ್ತು, ‘ನೋಡನ’ ಬರಬೇಕಿತ್ತು. ಏನೂ ಬರಲಿಲ್ಲ. ಸ್ಪ್ರಿಂಕ್ಲರ್ ಒಂದು ಸುತ್ತು ತಿರುಗಿ ನಮ್ಮೆಲ್ಲರ ಮೇಲೂ ಹನಿ ಹಾಕಿ ಹೋಯಿತು. ಅವರು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. ಯಾರಾದರೂ ಆ ಮಾತನ್ನು ಸ್ವಲ್ಪ ಬಗ್ಗಿಸಿ ಕೊಡಲಿ ಅನ್ನುವಂತಿತ್ತು ಮುಖ.

“ಏನಂತಾಳವ್ವ ಇವ್ಳು?”

“ಕೊಡಲ್ಲ ಅಂತಾಳೆ ದೊಡ್ಡಪ್ಪ.”

ಅವರು ಇಬ್ಬರನ್ನೂ ನೋಡಿದರು. ಪಂಚೆ ಇಳಿಬಿಟ್ಟುಕೊಂಡರು. ಬಂದ ದಾರಿಯಲ್ಲೇ ಬೇಲಿಯ ಕಡೆ ನಡೆದರು. ತಡಮೆ ದಾಟಿ ಆಚೆ ಇಳಿದರು.

“ಇಡ್ಕೊ ಆ ಕಡೆ,” ಎಂದಳು ಚಿಕ್ಕಮ್ಮ. ಅವಳು ಪೈಪಿನ ಒಂದು ತುದಿ ಎತ್ತಿದಳು, ನಾನು ಇನ್ನೊಂದು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಮುಂದಿನ ಸಾಲಿಗೆ ಇಡುವವರೆಗೂ ಪೈಪು ನಡುಗುತ್ತಲೇ ಇತ್ತು.